ನಾನೂರ ಹನ್ನೆರಡು

ಅರಬೈಲು ಘಟ್ಟದ ನಾಲ್ಕನೇ ತಿರುವು.
ಅದು ಕೆಮ್ಮಲಿಲ್ಲ, ನರಳಲಿಲ್ಲ.
ಟಣ್ ಅಂತ ಒಂದೇ ಸದ್ದು,
ಬಾವಿಯ ಕಟ್ಟೆಗೆ ಕೊಡ ತಾಗಿದ ಹಾಗೆ, ಎಂದ ತಮ್ಮ ಉಮಾಕಾಂತ.
ಆಮೇಲೆ ಬರೀ ಕಾಡು, ಜೀರುಂಡೆ.

ಹಿಂದೆ ನಲವತ್ತು ಟ್ರೇ ಬಂಗಡೆ,
ಮೇಲೆ ಬೈತಖೋಲದ ಐಸು.
ಐಸಿಗೆ ಯಾರೂ ವಾರಂಟಿ ಕೊಡುವುದಿಲ್ಲ.
ಬೆಳಕು ಹರಿಯುವಾಗ ಹಲಗೆಯ ಸಂದಿಯಿಂದ
ಕೆಂಪು ನೀರಿಳಿದು ಡಾಂಬರಿನ ಮೇಲೆ
ಕೆಳಗಿನ ತಿರುವಿನವರೆಗೆ ಹೋಗಿತ್ತಂತೆ.
ಲಾರಿಯವರಿಗೆ ಹಂಚಿದ. ಉಳಿದದ್ದು ಕಾಗೆಗೆ.

ಅರವತ್ತೊಂದು ಸಾವಿರ ಓಡಿದ ಗಾಡಿ.
ಲಕ್ಷದವರೆಗೆ ಜವಾಬ್ದಾರಿ ನಮ್ಮದು ಹೇಳಿ
ಹಾರ ಹಾಕಿ, ಪೇಡೆ ಕೊಟ್ಟು, ಫೋಟೋ ತೆಗೆದಿದ್ದರು.
ಮೋಹಿನಿ ತಾಂಡೇಲ, ಕೈಯಲ್ಲಿ ತಟ್ಟೆಯಷ್ಟಗಲದ ರಟ್ಟಿನ ಕೀಲಿ.
ಫೋಟೋದಲ್ಲಿ ನಾನು ಕಣ್ಣು ಮುಚ್ಚಿದ್ದೇನೆ.

ಹುಬ್ಬಳ್ಳಿಯ ಶೋರೂಮಿನ ಹಿಂದೆ ಇಪ್ಪತ್ತಮೂರು ದಿನ ನಿಲ್ಲಿಸಿ
(ನಿಂತದ್ದಕ್ಕೂ ದಿನಕ್ಕೆ ಮುನ್ನೂರು)
ಎಂಜಿನ್ ಬಿಚ್ಚಿದರು.
ರಾಡು ಮುರಿದು, ಬ್ಲಾಕಿನ ಹೊಟ್ಟೆ ಸೀಳಿ ಹೊರಗೆ ಬಂದಿತ್ತು.
ಕೋಡಿಬಾಗದ ಇನಾಸ್ ಮೇಸ್ತ್ರಿ ನನ್ನ ಜೊತೆ ಬಸ್ಸಿನಲ್ಲಿ ಬಂದವರು
ತೂತಿನೊಳಗೆ ಬೆರಳಿಟ್ಟು, ಮೂಸಿ ನೋಡಿ,
'ಎಣ್ಣೆ ಸರಿಯಿದೆ ಬಾಯಿ, ಇದು ಹುಟ್ಟಿನ ದೋಷ' ಅಂದರು.
ಮೇಸ್ತ್ರಿಯ ಮೂಗಿಗೆ ಅವರ ಫಾರಮ್ಮಿನಲ್ಲಿ ಜಾಗವಿರಲಿಲ್ಲ.

ಮೊದಲ ಪತ್ರ: ಉಪ್ಪುಗಾಳಿ ಕಾರಣ.
ಕಾರವಾರದಲ್ಲಿ ಮಾರುವಾಗ ಸಮುದ್ರ ಇರಲಿಲ್ಲವೇ ಕೇಳಿದೆ.
ಎರಡನೇ ಪತ್ರ: ಮೂರನೇ ಸರ್ವಿಸು
ನಾನೂರ ಹನ್ನೆರಡು ಕಿಲೋಮೀಟರ್ ತಡ.
ಹೊಸ ಎಂಜಿನ್ನಿಗೆ ಎರಡು ಲಕ್ಷ ಎಂಬತ್ತಾರು ಸಾವಿರ.
ಸಾಲದ ಕಂತು ಮಾತ್ರ ಒಂದು ದಿನವೂ ತಡವಿಲ್ಲದೆ
ಏಳನೇ ತಾರೀಖಿಗೆ ಹೋಗುತ್ತಲೇ ಇದೆ,
ಓಡದ ಗಾಡಿಯ ಕಂತು.

ಆ ನಾನೂರ ಹನ್ನೆರಡು ನನಗೆ ಗೊತ್ತು.
ಕದ್ರಾದ ಗೇಟು ತೆರೆದ ವಾರ.
ಮಲ್ಲಾಪುರದ ಕೆಳಗಿನ ಕೇರಿಯಿಂದ ಶಾಲೆಗೆ, ಶಾಲೆಯಿಂದ ಕೇರಿಗೆ,
ನಾಲ್ಕು ದಿನ.
ಒಂದು ಸಲಕ್ಕೆ ಹದಿನಾಲ್ಕು ಜನ, ಎರಡು ಆಡು,
ಮೈಮೂನಾಳ ಹೊಲಿಗೆ ಮೆಷಿನ್ನು,
ಮುಚ್ಚಳ ತೆಗೆಯದ ಕುಕ್ಕರ್ ತಬ್ಬಿಕೊಂಡ ಒಬ್ಬ ಅಜ್ಜಿ.
ಡೀಸೆಲ್ ನನ್ನದೇ. ಬಾಡಿಗೆ ಕೇಳಲಿಲ್ಲ.
ಸುಳ್ಳೇಕೆ ಹೇಳಲಿ,
ಅದರಲ್ಲಿ ತೊಂಬತ್ತು ಕಿಲೋಮೀಟರ್ ಅಂಕೋಲೆಗೆ.
ನೆರೆ ಬಂದು ಸೀಗಡಿಯ ರೇಟು ಏರಿತ್ತು.

ಗ್ರಾಹಕರ ಕೋರ್ಟಿಗೆ ಹಾಕಿದೆವು.
ಮೈಮೂನಾ ತಾನಾಗಿಯೇ ಬಂದಳು:
'ಎಂಜಿನ್ನಿನ ವಿಷಯ ನನಗೇನು ಗೊತ್ತು?
ಸೊಂಟದಷ್ಟು ನೀರಿನಲ್ಲಿ ಅದು ನಿಲ್ಲಲಿಲ್ಲ,
ಅಷ್ಟು ಗೊತ್ತು. ಅದನ್ನೇ ಹೇಳುತ್ತೇನೆ.'

ವಕೀಲರು ಪೆನ್ನು ಕೆಳಗಿಟ್ಟರು.
'ಹಾಗೆ ಮಾತ್ರ ಹೇಳಬೇಡಮ್ಮ.
ನೀರಿಗೆ ಇಳಿದಿತ್ತು ಅಂತಾದರೆ ಕೇಸೇ ಹೋಯಿತು.
ಸೀಗಡಿಗೆ ಓಡಿದ್ದು ಅನ್ನಿ. ಎಲ್ಲವನ್ನೂ.'

ನನ್ನ ಮೀನಿನ ಲೆಕ್ಕದ ವಹಿಯಲ್ಲಿ
ಆ ನಾಲ್ಕು ದಿನದ ಎದುರು ಒಂದೇ ಪದವಿದೆ: ನೀರು.
ಇಪ್ಪತ್ತೊಂದಕ್ಕೆ ವಾಯಿದೆ.
ಬೆಳಗಿನ ಜಾವ, ಮಾರ್ಕೆಟ್ಟಿನ ಕಟ್ಟೆ ತೊಳೆಯುತ್ತ
ಹೇಳಿ ನೋಡಿಕೊಳ್ಳುತ್ತೇನೆ,
ಸೀಗಡಿ, ಸಾಹೇಬರೆ, ಪೂರಾ ಸೀಗಡಿ.
ಮೈಮೂನಾ ಬುಟ್ಟಿ ಹಿಡಿದು ಬರುತ್ತಾಳೆ.
ತಾರ್ಲೆ ಎಷ್ಟು ಅಂತ ಕೇಳುತ್ತಾಳೆ,
ನಾನು ಹೇಳಿದ ರೇಟಿಗೆ ಚೌಕಾಸಿ ಮಾಡುವುದಿಲ್ಲ.
ನಾಲ್ಕು ಹೆಚ್ಚಿಗೆ ಹಾಕುತ್ತೇನೆ.
ಮುಖ ನೋಡುವುದಿಲ್ಲ.