ನಾಲ್ಕನೆಯ ಸಂಚಿಕೆ

ಒಂದು, ಎರಡು, ಮೂರು ನನ್ನಲ್ಲಿವೆ.
ಐದೂ ಇದೆ: ಮಾಡಿಗೆ ಹೊದಿಸುವ ಡಾಂಬರು ಹಾಳೆಯೇ ಅದರ ರಟ್ಟು,
ಆಗಸ್ಟಿನ ಸೆಕೆಗೆ ಪಕ್ಕದ ಪುಸ್ತಕವನ್ನು ತಬ್ಬಿಕೊಂಡುಬಿಡುತ್ತದೆ,
ಬಿಡಿಸಿದರೆ ಎರಡಕ್ಕೂ ಗಾಯ.
ಅದಕ್ಕೇ ಮೂರಕ್ಕೂ ಐದಕ್ಕೂ ನಡುವೆ
ಒಂದು ಹಲಗೆ ತುರುಕಿದ್ದೆ,
ನಾಲ್ಕು ಸಿಗುವತನಕ.

ಹನ್ನೊಂದು ವರ್ಷ.
ಕ್ಲೀವ್‌ಲ್ಯಾಂಡಿನ ಗ್ಯಾರೇಜು ಮಾರಾಟಗಳು,
ಬಾಗಿಲು ಹಾಕಿದ ಯೂನಿಯನ್ ಕಚೇರಿಗಳು,
ತೀರಿಕೊಂಡ ಗ್ರಂಥಪಾಲಕರ ಮಕ್ಕಳು
ಕಾಲುದಾರಿಗೆ ತಂದಿಟ್ಟ ಬಾಳೆಹಣ್ಣಿನ ಪೆಟ್ಟಿಗೆಗಳು.
ಪಿನ್ನು ತುಕ್ಕು ಹಿಡಿದ ಹದಿನಾರು ಪುಟ ಕಂಡರೆ ಸಾಕು
ಮಂಡಿ ತಾನಾಗಿ ಮಡಚುತ್ತದೆ.
"ಇದ್ದದ್ದನ್ನು ಓದಿ ಆಯಿತೋ?" ಅನ್ನುತ್ತಾಳೆ ಹೆಂಡತಿ.
ಓದಿಲ್ಲ. ಒಂದರ ಪುಟಗಳನ್ನು ಸುತ್ತಲೂ ಹೊಲಿದೇ ಮುಚ್ಚಿದ್ದಾರೆ,
ಓದಬೇಕೆಂದರೆ ಕತ್ತರಿ ಬೇಕು. ಕತ್ತರಿ ಹಾಕಿದರೆ
ಬೆಲೆ ಅರ್ಧ.
ನಾನು ಎಂಥವನೆಂದು ಅವಳಿಗೆ ಆಗಲೇ ಗೊತ್ತಾಗಿರಬೇಕು.

ಕಾಲಿನ್‌ವುಡ್‌ನಲ್ಲಿ, ರೈಲುಹಳಿಗಳ ಬೆನ್ನಿಗಿರುವ ಮನೆ.
ಆಲ್ಬಿನಾ ಝಗಾರ್, ಎಂಬತ್ತೆಂಟು,
ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿಯಲಿಲ್ಲ, ಗೋಡೆ ಹಿಡಿದಳು.
ನೆಲಮಾಳಿಗೆಯಲ್ಲಿ ಗಂಡನ ಸೈಕ್ಲೋಸ್ಟೈಲ್ ಯಂತ್ರ,
ಉರುಳೆಯ ಮೇಲೆ ಮಸಿ ಒಣಗಿ ತೊಗಟೆಗಟ್ಟಿದೆ.
ಲುಡ್ವಿಕ್ ರಾತ್ರಿ ಪಾಳಿಯಲ್ಲಿ ಬೋಗಿಗಳನ್ನು ಜೋಡಿಸುತ್ತಿದ್ದ,
ಹಗಲು ಇದನ್ನು ತಿರುಗಿಸುತ್ತಿದ್ದ.
ಪತ್ರಿಕೆಗೆ ಹೆಸರಿಡಲಿಲ್ಲ. ಅಂಕಿ ಸಾಕು ಅಂದನಂತೆ,
ಬೋಗಿಗಳಿಗೆ ಇರುವ ಹಾಗೆ.

"ನಾಲ್ಕು?" ಅಂದೆ.
ಗಂಟಲು ಒಣಗಿದ್ದು ಅವಳಿಗೂ ಕೇಳಿಸಿರಬೇಕು.

"ನಾಲ್ಕನ್ನು ತಿಂದುಬಿಟ್ಟರಪ್ಪ."

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು, ಒಂದು ಶುಕ್ರವಾರ,
ಮಾಂಸ ಮುಟ್ಟುವಂತಿಲ್ಲ. ಮೂಲೆಯ ಮೀನಂಗಡಿಯವನನ್ನು ಒಪ್ಪಿಸಿ
ಅವನ ಕಾಗದದ ಮೇಲೇ ಅಚ್ಚು ಹಾಕಿದರು, ನೂರು ಹಾಳೆ.
ಏರಿ ಸರೋವರದ ಪರ್ಚ್ ಮೀನು ಸುತ್ತಿಕೊಂಡು
ಮನೆಮನೆಗೆ ನಡೆಯಿತು ನಾಲ್ಕನೆಯ ಸಂಚಿಕೆ.
ಸಂಜೆಯ ಹೊತ್ತಿಗೆ ಕಸದ ತೊಟ್ಟಿ.
ಎರಡನೆಯ ಸಲ ಓದಿದ್ದು ಬೆಕ್ಕುಗಳು ಮಾತ್ರ.

ಬಿಸ್ಕತ್ತಿನ ಡಬ್ಬಿಯಿಂದ ಉಳಿದದ್ದನ್ನು ತೆಗೆದಳು:
ನೀಲಿ ಮೇಣದ ಒಂದು ಸ್ಟೆನ್ಸಿಲ್.
ಮೇಲಿನ ಗವಾಕ್ಷಿಗೆ ಎತ್ತಿ ಹಿಡಿದೆ.
ಅಕ್ಷರವಿದ್ದಲ್ಲೆಲ್ಲ ತೂತು, ತೂತಿನಲ್ಲಿ ಬಿಸಿಲು.
ಮೈಸೂರಿನಲ್ಲಿ ಒಮ್ಮೆ ಓಲೆಗರಿಯ ಕಟ್ಟು ಬಿಚ್ಚಿ ತೋರಿಸಿದ್ದರು:
ಕಂಠ ಗೀರಿದ್ದು ಮೊದಲು, ಮಸಿ ತುಂಬಿದ್ದು ಆಮೇಲೆ.
ಇಲ್ಲಿ ಮಸಿ ಬಂದು, ಹೋಗಿ,
ಗೀರು ಮಾತ್ರ ಕೂತಿದೆ.
ಓ ಇದ್ದ ಕಡೆ ಟೈಪ್‌ರೈಟರ್ ಪೂರಾ ಕೊರೆದು
ನಡುವಿನ ಬೊಟ್ಟು ಉದುರಿದೆ; ಡಬ್ಬಿಯ ತಳದಲ್ಲಿ
ಹತ್ತೆಂಟು ನೀಲಿ ಸೊನ್ನೆಗಳು,
ಮಾತಿನಿಂದ ಕಳಚಿಬಿದ್ದ ಅನುಸ್ವಾರಗಳ ಹಾಗೆ.

ಆರು ಸಾಲು. ಮೊದಲನೆಯದು:
ತಿನ್ನುವವನೇ, ಮುಳ್ಳು ನೋಡಿಕೊ.
ಕೊನೆಯದರ ಉದ್ದಕ್ಕೂ ಕೆಂಪು. ಅವಳ ಉಗುರುಬಣ್ಣ.
ತಪ್ಪೆಂದು ಬಳಿದು ಮುಚ್ಚಿದ್ದಾನೆ, ಮೇಲೆ ಮತ್ತೆ ಟೈಪು ಮಾಡಿಲ್ಲ.
"ಏನಿತ್ತು ಅಲ್ಲಿ?"
"ಮೀನು ಕೊಂಡವರು ಯಾರೂ ಕೇಳಲಿಲ್ಲ," ಅಂದಳು.

ನೋಟಿನ ಲಕೋಟೆ ಜೇಬಿನಲ್ಲಿ ಬೆವರುತ್ತಿತ್ತು.
"ತೂತಿಗೆ ಎಷ್ಟು ಕೊಡುತ್ತೀ?"
ಹೇಳಿದೆ.
ನಕ್ಕಳು, ಕೆಮ್ಮಿದಳು, ಡಬ್ಬಿ ಮುಚ್ಚಿದಳು.
ಅಷ್ಟು ದುಡ್ಡಿಗೆ ಆ ವರ್ಷ
ಇಡೀ ಬೀದಿಗೆ ಮೀನು ಬರುತ್ತಿತ್ತಂತೆ.

ಮನೆಗೆ ಬಂದು ಹಲಗೆ ತೆಗೆದೆ.
ಬೆಳಗ್ಗೆ ನೋಡಿದರೆ ಐದು ವಾಲಿ
ಮೂರರ ಬೆನ್ನಿಗೆ ಅಂಟಿಕೊಂಡಿದೆ.
ಇರಲಿ ಅಂದುಕೊಂಡೆ.
ಹೆಂಡತಿಯನ್ನು ಕರೆದು ಕತ್ತರಿ ಕೇಳಿದೆ.
ಯಾತಕ್ಕೆ ಅನ್ನಲಿಲ್ಲ ಅವಳು,
ಅಡುಗೆಮನೆಯದನ್ನೇ ತಂದುಕೊಟ್ಟಳು,
ಕೊತ್ತಂಬರಿ ವಾಸನೆಯದು.