ಇಪ್ಪತ್ತಮೂರನೆಯ ತಲೆ

ನಮಗೆ ಬೇಕಿದ್ದದ್ದು ರೋಗವಿಲ್ಲದ ತಲೆಗಳು.
ಗಡ್ಡೆಯ ಪಕ್ಕ ಇಟ್ಟು ನೋಡಲು
ಏನೂ ಆಗದ ಮಿದುಳು, ಮೂವತ್ತು.
ವಿಜಯಪುರದ ತುಂಬ ಚೀಟಿ ಅಂಟಿಸಿದರೂ
ಬಂದವರು ಇಪ್ಪತ್ತೆರಡು, ಅರ್ಧ ನಮ್ಮ ಕಾಲೇಜಿನವರೇ.

ಇಪ್ಪತ್ತಮೂರನೆಯವನು ಟಾಂಗಾದ ದಸ್ತಗೀರಸಾಬ.
ಕುದುರೆಯನ್ನು ಬೇವಿನ ನೆರಳಿಗೆ ಕಟ್ಟಿ ಬಂದ.
"ತಮ್ಮನ ತಲ್ಯಾಗ ಗಂಟಿತ್ತರೀ, ನೀವ ತೋರಿಸಿದ್ರಿ.
ಈಗ ನಂದು ನೋಡ್ರಿ. ಒಂದ ತಾಯಿ ಹೊಟ್ಟೀವು."

ಬೆಳ್ಳಿಯುಂಗುರ ಬಿಚ್ಚಿದ, ನಡುಪಟ್ಟಿ, ತಾಯತ.
ತಾಯತ ಮಾತ್ರ ಟೇಬಲ್ಲಿನ ಮೇಲೆ ಬ್ಯಾಡ,
ನಿಮ್ಮ ಕೈಯಾಗ ಇರಲಿ, ಅಂದ.
ಯಂತ್ರ ಟಕ್‌ಟಕ್ ಶುರುಮಾಡಿತು.
ನಲವತ್ತು ನಿಮಿಷ,
ಉಸಿರೊಂದು ಬಿಟ್ಟು ಮತ್ತೇನೂ ಅಲುಗಬಾರದು.

ಕೊನೆಯ ಸುತ್ತಿನಲ್ಲಿ ಚಿತ್ರ ಕದಡಿತು.
ಹಣೆಯ ಅಂಚು ಎರಡಾಗಿ, ಮೂರಾಗಿ,
ನೀರಿಗೆ ಕಲ್ಲು ಬಿದ್ದ ಹಾಗೆ.
"ಏನಾಯ್ತು ಕಾಕಾ?" ಮೈಕಿನಲ್ಲಿ ಕೇಳಿದೆ.
ನಾಚಿಕೊಂಡ:
"ಲಾಳದ ಸಪ್ಪಳ ಬಂತಲ್ರೀ,
ನಮ್ಮ ಲಾಡ್ಲಿ ಅನಕೊಂಡು
ಚ್ಚ ಚ್ಚ ಅಂದ್‌ಬಿಟ್ಟೆ."

ಮತ್ತೆ ತೆಗೆದೆವು. ಚೊಕ್ಕಟ ಬಂತು.
ಗಡ್ಡೆಯಿಲ್ಲ, ಬಾವಿಲ್ಲ.
ತಮ್ಮನೂ ಎಲ್ಲೂ ಕಾಣಲಿಲ್ಲ.
ಷರಾ: ಸಹಜ.

ಕದಡಿದ್ದನ್ನು ಅಳಿಸಬೇಕು, ನಿಯಮ ಹಾಗೆ.
ಸರ್ ಇನ್ನೂ ಕೇಳಿಲ್ಲ.
ಸಂಜೆ, ಬೇರೆಯವರ ಗಡ್ಡೆಗಳ ಗಡಿ
ಗೀಚಿ ಅಳಿಸಿ ಗೀಚಿ ಕಣ್ಣು ಸೋತಾಗ
ಅದನ್ನೊಮ್ಮೆ ತೆರೆಯುತ್ತೇನೆ:
ಅಲುಗದೆ ಮಲಗಿದ ಇಷ್ಟೆಲ್ಲ ತಲೆಗಳ ನಡುವೆ
ಒಂದು, ಎಲ್ಲಿಗೋ ಹೊರಟದ್ದು.