ಈಜುಕೊಳದಲ್ಲಿ ಮೂರು ಹೆಸರು

ಮೂವತ್ತೊಂದು ವರ್ಷ ನಾನು
ಜಿಲ್ಲಾ ಕಚೇರಿಯ ಎರಡನೆಯ ಕಿಟಕಿಯಲ್ಲಿ ಕೂತು
ಸತ್ತವರ ಹೆಸರು ಬರೆದವಳು.
ಅಕ್ಷರ ತಪ್ಪಬಾರದು, ಅಷ್ಟೇ ಕೆಲಸ.
ಬರೆದದ್ದನ್ನು ಮನೆಯವರೆದುರು ಒಮ್ಮೆ ಗಟ್ಟಿಯಾಗಿ ಓದುತ್ತಿದ್ದೆ,
ಅವರು ತಲೆಯಾಡಿಸುತ್ತಿದ್ದರು, ಸಹಿ ಹಾಕುತ್ತಿದ್ದರು.
ಓದಿದ ಹೆಸರಿಗೆ ಓಗೊಟ್ಟವರು
ಒಬ್ಬರೂ ಇಲ್ಲ.

ನಿವೃತ್ತಿಯಾದ ಮಾರನೆಯ ಚಳಿಗಾಲ
ಬೇಕರಿಯ ಸೋಲ್ವೇಗ್ ಹಿಟ್ಟಿನ ಕೈಯಲ್ಲೇ ಬಂದಳು,
ಸೊಂಟದ ಮೇಲೆ ಐದು ತಿಂಗಳ ಕೂಸು.
"ಪಾದ್ರಿ ಬೇಡ, ಸ್ಟೇನ್‌ವೋರ್. ದೇವರ ಜೊತೆ ಜಗಳವೇನಿಲ್ಲ,
ಪರಿಚಯವೂ ಇಲ್ಲ.
ಹಾಗಂತ ಅರ್ಜಿ ತುಂಬಿ ಕಳಿಸಿ ಸುಮ್ಮನಾದರೆ
ನಾಯಿಗೆ ಲೈಸೆನ್ಸು ಮಾಡಿಸಿದ ಹಾಗಿರುತ್ತೆ.
ನೀನು ಹೇಳು ಹೆಸರು. ನಿನ್ನ ಉಚ್ಚಾರ ಸ್ಪಷ್ಟ."
ನಕ್ಕೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ನಮ್ಮ ದ್ವೀಪದಲ್ಲಿ ಹುಟ್ಟಿದ ಕೂಡಲೆ ಹೆಸರಿಲ್ಲ.
ತಿಂಗಳುಗಟ್ಟಲೆ ಅದು ಬರೀ ಹುಡುಗಿ, ಬರೀ ಹುಡುಗ.
ಅಳುವ ರೀತಿ ಕೇಳಿ, ಹುಬ್ಬು ಗಂಟಿಕ್ಕುವುದು ನೋಡಿ,
ಅಂಗಿಯ ಅಳತೆ ಹಿಡಿದಂತೆ ಹೆಸರು ಹಿಡಿದು ನೋಡುತ್ತಾರೆ.
ಕೇಳಿದವರಿಗೆ ತುಟಿ ಬಿಚ್ಚುವುದಿಲ್ಲ.

ಸಭಾಭವನದ ಮಾಡು ಸೋರುತ್ತಿತ್ತು.
ಹಾಗಾಗಿ ಭಾನುವಾರ ಬೆಳಿಗ್ಗೆ, ಬಾಗಿಲು ತೆರೆಯುವ ಮುಂಚೆ,
ಬಂದರಿನ ಪಕ್ಕದ ಬಯಲು ಈಜುಕೊಳ.
ನೆಲದೊಳಗಿಂದ ಬಂದ ಬಿಸಿನೀರು, ಮೇಲೆ ಹಿಮ.
ಎಲ್ಲರೂ ಎದೆಮಟ್ಟ ನೀರಲ್ಲಿ, ತಲೆಗೆ ಉಣ್ಣೆಯ ಟೋಪಿ.
ಬಟ್ಟೆ ಕಳಚಿದ ಮೇಲೆ
ದೋಣಿಯ ಒಡೆಯ ಯಾರು, ಮೀನು ಕೊಯ್ಯುವವ ಯಾರು,
ಹೊಟ್ಟೆ ನೋಡಿ ಊಹಿಸಬೇಕಷ್ಟೆ.
ನನ್ನ ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಹಾಳೆ.
ಸುದ್ದಿ ಹಬ್ಬಿ ಕೂಸುಗಳು ಮೂರಾಗಿದ್ದವು.

ಸೋಲ್ವೇಗಳ ಮಗಳು ಉಲ್ಫ್‌ಹಿಲ್ದುರ್:
ತೋಳವೂ ಇದೆ, ಯುದ್ಧವೂ ಇದೆ ಆ ಹೆಸರಲ್ಲಿ;
ಹಲ್ಲು ಮಾತ್ರ ಇನ್ನೂ ಬಂದಿಲ್ಲ.

ಮೀನು ಕಾರ್ಖಾನೆಯ ವಿಯೊಲೆತ್ತಾಳ ಮಗ ಬೊಗ್ದಾನ್.
ಪೋಲಿಷ್ ಮಾತಲ್ಲಿ ಅದರರ್ಥ ದೇವರು ಕೊಟ್ಟವನು.
ಎಲ್ಲರೂ ನನ್ನತ್ತ ನೋಡಿದರು.
"ಅಜ್ಜನ ಹೆಸರು," ಅಂದಳು ಆಕೆ, "ಟ್ರಾಮ್ ಓಡಿಸುತ್ತಿದ್ದ."
ಕುಲನಾಮದಲ್ಲಿ ನಾನು ಎರಡು ಸಲ ಎಡವಿದೆ,
ಎರಡು ಸಲವೂ ತಿದ್ದಿದಳು,
ಮೂರನೆಯ ಸಲ ನೀರೊಳಗಿದ್ದ ಅಷ್ಟೂ ಜನ
ನನಗಿಂತ ಮೊದಲೇ ಸರಿಯಾಗಿ ಹೇಳಿಬಿಟ್ಟರು.

ಮೂರನೆಯದು ಕೋರ್ಮಾಕುರನ ಮಗ.
ಹಾಳೆಯಲ್ಲಿದ್ದ ಹೆಸರು ನನ್ನದೇ ಕೈಬರಹ.
ನಿನ್ನೆ ಸಂಜೆ ಫೋನಿನಲ್ಲಿ ಹೇಳಿದಾಗ
ಬರೆದುಕೊಂಡಿದ್ದೆ. ಬೇರೇನೂ ಕೇಳಲಿಲ್ಲ.

ಒಂಬತ್ತು ವರ್ಷದ ಹಿಂದೆ, ಫೆಬ್ರವರಿ,
ಹೇಳಹೆಸರಿಲ್ಲದಂತೆ ಹೋಯಿತು ದೋಣಿ.
ಹಲಗೆಯಿಲ್ಲ, ಹಗ್ಗವಿಲ್ಲ.
ಕಿಟಕಿಯ ಆಚೆ ಇದೇ ಕೋರ್ಮಾಕುರ್,
ಕೂದಲಲ್ಲಿ ಉಪ್ಪು ಇನ್ನೂ ಒಣಗಿರಲಿಲ್ಲ.
ಅವನ ತಮ್ಮನ ಹೆಸರನ್ನು ನಾನು ಗಟ್ಟಿಯಾಗಿ ಓದಿದ್ದೆ.
ಅಕ್ಷರ ಸರಿಯಿತ್ತು. ತಲೆಯಾಡಿಸಿದ್ದ.

ಈಗ ಹಬೆಯಲ್ಲಿ ಯಾರ ಮುಖವೂ ನೆಟ್ಟಗೆ ಕಾಣದು.
ಅವನ ಅಂಗೈ ಮೇಲೆ ಕೂಸು ಬೆನ್ನಡಿ ತೇಲುತ್ತಿದೆ,
ಮೂತಿ ನೋಡಿದರೆ ಆಗಲೇ ಉಚ್ಚೆ ಹೊಯ್ದಿರಬೇಕು.

"ಎಯ್‌ವಿಂದುರ್," ಅಂದೆ.

ಹಳೆಯ ಚಾಳಿ, ನಿಲ್ಲಿಸಿ ಕಾದೆ.
ಕೋರ್ಮಾಕುರ್ ತಲೆಯಾಡಿಸಿದ, ಅಂದಿನ ಹಾಗೆಯೇ,
ಒಂದೇ ಸಲ, ಗದ್ದ ನೀರಿಗೆ ತಾಗುವಷ್ಟು.
ಆ ಸದ್ದಿಗೋ, ಹಿಮ ರೆಪ್ಪೆಗೆ ಬಿದ್ದುದಕ್ಕೋ,
ಕೂಸು ಕೊಸರಿ, ಕಿರುಚಿತು.
ಜೀವರಕ್ಷಕ ಹುಡುಗ ಏಣಿಯಿಂದ ಅರ್ಧ ಇಳಿದೇಬಿಟ್ಟಿದ್ದ.
ನಾವೆಲ್ಲ ನಕ್ಕೆವು, ಕೆಲವರು ತೀರ ಜೋರಾಗಿ.

ಆಮೇಲೆ ಕಾಫಿ, ಸೋಲ್ವೇಗಳ ದಾಲ್ಚಿನ್ನಿ ಬನ್ನು,
ಕಾಲ್ಚೀಲ ಕಳೆದುಹೋಯಿತೆಂದು ಯಾರದೋ ರಗಳೆ.

ಮನೆಗೆ ಬಂದು ಈಜುಡುಗೆ ಹಿಂಡಿ ಹರವಿದೆ,
ಹಾಳೆಯನ್ನೂ ಒರೆಸಿ ದೀಪದ ಕೆಳಗಿಟ್ಟೆ.
ಮೂರು ಹೆಸರು.
ಒಂದೊಂದರ ಪಕ್ಕ ಒಂದೊಂದೇ ತಾರೀಖು.
ಅದರಾಚೆ ಖಾಲಿ.
ಅಷ್ಟು ಬಿಳಿ ಜಾಗ ಬಿಟ್ಟು
ನಾನು ಹಿಂದೆಂದೂ ಬರೆದವಳಲ್ಲ.